ಹನ್ನೊಂದನೇ ಚೌಕದ ನೀಲಿ

ಟಾರ್ಚನ್ನು ಸಾರುವೆಯ ಹಲಗೆಯ ಮೇಲೆ ಇಟ್ಟದ್ದು ನೀರು ಕುಡಿಯುವುದಕ್ಕೆ, ಅಷ್ಟೇ. ಅದು ಅರ್ಧ ಸುತ್ತು ಉರುಳಿ ಗೋಡೆಗೆ ಆತುಕೊಂಡು ನಿಂತಿತು, ಬೆಳಕು ಗೋಡೆಯ ಮುಖಕ್ಕೆ ಬೀಳದೆ ಅದರ ಮೈ ಸವರಿಕೊಂಡು ಮೇಲಕ್ಕೆ ಹೋಯಿತು, ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ ಅವನ ಕೈ ಅಲ್ಲೇ ನಿಂತಿತು. ಮೂರು ವಾರದ ಹಿಂದೆ ಅವನೇ ಒರೆಸಿ, ಈಗಷ್ಟೇ ಸ್ನಾನ ಮಾಡಿಸಿದ ಮಗುವಿನ ಹಾಗೆ ಮಾಡಿಟ್ಟಿದ್ದ ಗಂಡಸಿನ ಚಿತ್ರ ಅದು. ಆ ಗಂಡಸಿನ ಹೆಗಲ ಹಿಂದೆ, ಏನೂ ಇಲ್ಲದ ತಿಳಿ ಬೂದು ಗೋಡೆಯಲ್ಲಿ, ಕೂದಲೆಳೆಯಷ್ಟು ಸಣ್ಣ ಗೆರೆಗಳು ಎದ್ದು ನಿಂತಿದ್ದವು. ಒಂದರ ಕೆಳಗೊಂದು ಬಾಗಿದ ಗೆರೆಗಳು, ರೆಕ್ಕೆಯ ಗರಿಗಳ ಹಾಗೆ. ಟಾರ್ಚನ್ನು ಎತ್ತಿ ನೇರವಾಗಿ ಬಿಟ್ಟ; ಗೆರೆಗಳಿಲ್ಲ. ಮತ್ತೆ ಗೋಡೆಗೆ ಒತ್ತಿ ಹಿಡಿದ, ಇವೆ. ನಾಲ್ಕು ಸಲ ಹಾಗೆ ಮಾಡಿದ, ಐದನೆಯ ಸಲವಾದರೂ ಗೋಡೆ ಮಾತು ಬದಲಿಸೀತೆಂಬಂತೆ. ಆಮೇಲೆ ಭೂತಗನ್ನಡಿ ಹಿಡಿದು ನೋಡಿದ. ಗೆರೆಯ ಎರಡೂ ಅಂಚು ಮೆತ್ತಗೆ ಉಬ್ಬಿದ್ದವು. ಗಾರೆ ಹಸಿಯಿದ್ದಾಗ ಮೊಳೆಯಿಂದ ಎಳೆದರೆ ಮಾತ್ರ ಹಾಗೆ ಉಬ್ಬುತ್ತದೆ. ಒಣಗಿದ ಮೇಲೆ ಕೊರೆದರೆ ಅಂಚು ಪುಡಿಯಾಗಿ ಉದುರುತ್ತದೆ. ಅಂದರೆ ಗಾರೆ ಮೆತ್ತಿದ ದಿನವೇ ರೆಕ್ಕೆಯನ್ನೂ ಎಳೆದಿದ್ದರು. ಆ ರೆಕ್ಕೆಯನ್ನು ಅವನು ಒರೆಸಿ ಹಾಕಿದ್ದ. ನೀರು ಕುಡಿಯುವುದು ಮರೆತೇಹೋಯಿತು.

ಹಳೆಯ ಗೋಡೆಚಿತ್ರಗಳನ್ನು ತೊಳೆದು ಸರಿಪಡಿಸುವುದು ಅವನ ಕೆಲಸ. ಊರೂರು ತಿರುಗುವವನು, ಹೋದಲ್ಲೆಲ್ಲ ಗೋಡೆಗೆ ಮರದ ಸಾರುವೆ ಕಟ್ಟಿಸಿಕೊಂಡು ಹಗಲೆಲ್ಲ ಅದರ ಮೇಲೇ ವಾಸ. ಈ ಚರ್ಚಿನವರು ಅವನಿಗೆ 'ಗೋಡೆ ಡಾಕ್ಟ್ರು' ಎಂದು ಹೆಸರಿಟ್ಟಿದ್ದರು, ಅವನಿಗೂ ಅದು ಒಳಗೊಳಗೇ ಇಷ್ಟವಾಗಿತ್ತು. ಕೆಲಸ ಕಲಿಸಿದ ಮುದುಕ ಎರಡು ಮಾತು ಹೇಳಿಕೊಟ್ಟಿದ್ದ. ಗಟ್ಟಿಯಾಗಿ ಹಿಡಿದುಕೊಂಡದ್ದು ಹಳೆಯದು, ಕೈ ಸೋಕಿದರೆ ಬಿಡುವುದು ಆಮೇಲಿನದು ಎಂಬುದು ಒಂದು. ತೆಗೆದದ್ದನ್ನು ಎಸೆಯಬೇಡ ಎಂಬುದು ಇನ್ನೊಂದು. ಗೋಡೆಯನ್ನು ಅಂಕೆ ಹಾಕಿ ಚೌಕಗಳಾಗಿ ಭಾಗಿಸಿಕೊಂಡು ಒಂದೊಂದಾಗಿ ಒರೆಸುವುದು ಅವನ ರೂಢಿ; ಹನ್ನೊಂದನೇ ಚೌಕದಲ್ಲಿ ನೀಲಿ ಬಣ್ಣ ಹತ್ತಿಗೆ ಸೋಕಿದ ಕೂಡಲೇ ಬಿಟ್ಟಿತ್ತು, ಕಾಯುತ್ತಿದ್ದ ಹಾಗೆ. ಮಸಿ ತೆಗೆದು, ನೀಲಿ ಕಂಡು, ಫೋಟೋ ಹೊಡೆದುಕೊಂಡು, ಆಮೇಲೆ ಮುಂದಿನ ಮಾತು. ಅದು ಕ್ರಮ. ಅವತ್ತು ಪಾದ್ರಿಗಳು ಕೆಳಗೆ ನಿಂತು ಕತ್ತು ಎತ್ತಿ ನೋಡುತ್ತಿದ್ದರು, ಅವನಿಗೆ ಹುಮ್ಮಸ್ಸು ಬಂದಿತ್ತು, ಫೋಟೋ ಆಮೇಲೆ ಅಂದುಕೊಂಡ. ಹತ್ತಿಯ ಉಂಡೆ ತಿರುಗಿಸುತ್ತ ತಿರುಗಿಸುತ್ತ ಹನ್ನೊಂದು, ಹನ್ನೆರಡು, ಹದಿಮೂರು ಮೂರೂ ಚೌಕ ಮುಗಿಸಿದಾಗ ಊಟದ ಹೊತ್ತಾಗಿತ್ತು. ಮೈಬಣ್ಣ ಹಸಿ ಗಾರೆಯಲ್ಲೇ ಇಂಗುತ್ತದೆ, ಆದರೆ ಕೆಲವು ನೀಲಿಗಳಿಗೆ ಸುಣ್ಣವೆಂದರೆ ಆಗದು, ಅವನ್ನು ಗೋಡೆ ಒಣಗಿದ ಮೇಲೆ ಅಂಟು ಕಲಸಿ ಹಚ್ಚುತ್ತಿದ್ದರು, ಆದ್ದರಿಂದ ಹಳೆಯ ನೀಲಿಯೂ ಹೊಸದರ ಹಾಗೆ ಸುಲಭವಾಗಿ ಬಿಡುತ್ತದೆ. ಇದು ಅವನಿಗೆ ಗೊತ್ತಿತ್ತು. ಬೇರೆಯವರಿಗೆ ಪಾಠ ಹೇಳುವಷ್ಟು ಗೊತ್ತಿತ್ತು. ಅದೇ ಹೊಟ್ಟೆ ಉರಿಸುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಅವನ ಪಾಡು ಅದಕ್ಕಿಂತ ಕಡೆ: ಬುದ್ಧಿ ಮೊದಲೇ ಇತ್ತು, ಅವತ್ತು ಅದು ಎಲ್ಲಿಗೆ ಹೋಗಿತ್ತೋ.

ಎಲ್ಲಿಗೆ ಹೋಗಿತ್ತು ಎಂಬುದೂ ಅವನಿಗೆ ಗೊತ್ತಿತ್ತು. ಮೊದಲ ದಿನ ಪಾದ್ರಿಗಳು ತಮ್ಮ ಓದುವ ಕೋಣೆಯಲ್ಲಿ ಕೂರಿಸಿಕೊಂಡು, ಗ್ರಂಥ ತೆರೆದು, ಜಲಪ್ರಳಯದ ಕಥೆಗೆ ಸ್ವಲ್ಪ ಮುಂಚೆ ಬರುವ ನಾಲ್ಕೇ ನಾಲ್ಕು ವಾಕ್ಯ ತೋರಿಸಿ, ಗೋಡೆಯ ಚಿತ್ರ ಇದರದ್ದೇ ಎಂದಿದ್ದರು. ಭೂಮಿಯ ಮೇಲೆ ಜನ ಹೆಚ್ಚಿದರು, ಅವರಿಗೆ ಹೆಣ್ಣುಮಕ್ಕಳು ಹುಟ್ಟಿದರು, ದೇವರ ಮಕ್ಕಳು ಆ ಹೆಣ್ಣುಮಕ್ಕಳ ಚೆಲುವು ಕಂಡು ಬೇಕಾದವರನ್ನು ಹೆಂಡತಿಯರಾಗಿ ಮಾಡಿಕೊಂಡರು, ಆ ಕಾಲದಲ್ಲಿ ಭೂಮಿಯ ಮೇಲೆ ದೈತ್ಯರಿದ್ದರು. ಇಷ್ಟೇ. ಯಾರು ಈ ದೇವರ ಮಕ್ಕಳು, ಎಲ್ಲಿಂದ ಬಂದರು, ಆಮೇಲೆ ಏನಾದರು, ಒಂದಕ್ಷರ ಇಲ್ಲ. ಯಾರೋ ಬಾಗಿಲು ತೆರೆದು ಇಣುಕಿ ಮತ್ತೆ ಮುಚ್ಚಿಕೊಂಡು ಹೋದ ಹಾಗೆ ಕಥೆ ಮುಂದಕ್ಕೆ ಹೋಗಿಬಿಡುತ್ತದೆ. "ದೇವದೂತರು ಅಂತ ಹಳಬರು ಹೇಳ್ತಾರೆ. ಆದ್ರೆ ದೂತರು ಮದುವೆ ಆಗೋದಿಲ್ಲ ಅಂತ ಇದೇ ಗ್ರಂಥದಲ್ಲಿ ಮುಂದೆ ಸ್ಪಷ್ಟವಾಗಿದೆ," ಎಂದರು ಪಾದ್ರಿಗಳು. ಅವರದು ಮೆದು ದನಿ, ಎದುರಿನವರನ್ನು ಒಪ್ಪಿಸುವುದೇ ಒಂದು ಸೇವೆ ಎಂಬಂತೆ ಮಾತಾಡುವವರು. "ಇವರು ಮನುಷ್ಯರೇ. ಒಳ್ಳೇ ವಂಶದ, ದೇವರನ್ನ ನಂಬಿದ ಮನೆತನದ ಗಂಡಸರು. ಕೆಟ್ಟ ವಂಶದ ಹೆಣ್ಣುಗಳನ್ನ ಕಟ್ಕೊಂಡು ಕೆಟ್ರು. ನಮ್ಮ ಗೋಡೆ ಮೇಲೆ ರೆಕ್ಕೆ ಗಿಕ್ಕೆ ಏನಾದ್ರೂ ಕಂಡ್ರೆ, ಅದು ಆಮೇಲೆ ಯಾರೋ ತಿಳೀದೋರು ಅಂಟಿಸಿದ್ದು." ಅವನು ತಲೆಯಾಡಿಸಿದ್ದ. ಸಾರುವೆ ಹತ್ತುವ ಮುಂಚೆಯೇ ರೆಕ್ಕೆ ಅವನ ಪಾಲಿಗೆ ಆಮೇಲಿನದಾಗಿತ್ತು. ಕೈಗೆ ತಾನು ತೀರ್ಮಾನ ಮಾಡುತ್ತಿದ್ದೇನೆಂಬ ಭ್ರಮೆ ಇತ್ತು, ಅಷ್ಟೇ.

ಚರ್ಚಿನ ಕಟ್ಟಡ ಸಮಿತಿಯ ಕಾರ್ಯದರ್ಶಿ ನಿವೃತ್ತ ವಕೀಲರು. ಪಾದ್ರಿಗಳು ಹೌದೆಂದದ್ದಕ್ಕೆ ಇಲ್ಲವೆನ್ನುವುದು ಅವರ ನಿವೃತ್ತಿಯ ಸುಖ. ಎರಡನೆಯ ದಿನ ಸಾರುವೆಯ ಕೆಳಗೆ ನಿಂತು, ಸಾಕ್ಷಿಕಟ್ಟೆಯಲ್ಲಿರುವವನನ್ನು ಕೇಳುವ ಹಾಗೆ ಕೂಗಿ ಕೇಳಿದ್ದರು: "ಏನ್ರೀ ಡಾಕ್ಟ್ರೇ, ಬೇಕಾದವರನ್ನ ತಗೊಂಡ್ರು ಅಂತಿದೆಯಲ್ಲ, ಬೇಕಾದವರನ್ನ ತಗೊಳ್ಳೋರು ಯಾರ್ರೀ ಲೋಕದಲ್ಲಿ? ದೂತರಾ? ಭಕ್ತರಾ?" ಉತ್ತರಕ್ಕೆ ಕಾಯದೆ ತಾವೇ ಹೇಳಿದ್ದರು: "ದೊರೆಗಳು! ಅಧಿಕಾರದಲ್ಲಿರೋರು! ಹಳೇ ಕಾಲದಲ್ಲಿ ಪ್ರತಿ ದೊರೆನೂ ತಾನು ದೇವರ ಮಗ ಅಂತಲೇ ಹೇಳ್ಕೋತಿದ್ದ. ಕಂಡ ಹೆಣ್ಣನ್ನ ಎತ್ತಿಹಾಕ್ಕೊಂಡು ಹೋಗ್ತಿದ್ರು, ಕೇಳೋರಿರ್ಲಿಲ್ಲ. ಇದು ದೂರು ಕಣ್ರೀ, ದೂರಿನ ಅರ್ಜಿ. ನಾಲ್ಕು ಸಾಲಿನದು." ಅದೂ ಅವನಿಗೆ ಸರಿಯೆನಿಸಿತ್ತು. ಅವನ ಕಷ್ಟವೇ ಅದು, ಕೊನೆಗೆ ಮಾತಾಡಿದವರ ಮಾತು ಸರಿಯೆನಿಸುತ್ತದೆ. ಯಾರಾದರೂ ನಿನ್ನ ಅಭಿಪ್ರಾಯವೇನೆಂದರೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೋ ಹೇಳಿ ತಪ್ಪಿಸಿಕೊಳ್ಳುತ್ತಾನೆ. ಆದರೂ ಹೋಟೆಲಿನ ಕೋಣೆಗೆ ಹೋದ ಮೇಲೆ ಆ ನಾಲ್ಕು ವಾಕ್ಯ ಅವನನ್ನು ಬಿಡುತ್ತಿರಲಿಲ್ಲ. ಬರೆದವನಿಗೆ ಗೊತ್ತಿತ್ತೋ, ಗೊತ್ತಿದ್ದೂ ಮುಚ್ಚಿಟ್ಟನೋ, ಇಲ್ಲ ಅವನೂ ಯಾರಿಂದಲೋ ಅರ್ಧ ಕೇಳಿ ಉಳಿದರ್ಧ ಕೇಳಲು ನಾಚಿಕೊಂಡನೋ. ಹೀಗೆ ಹುಬ್ಬು ಗಂಟಿಕ್ಕಿಕೊಂಡು ಯೋಚಿಸುವಾಗ ಒಂದು ಬಗೆಯ ಸಂತೋಷವೂ ಆಗುತ್ತಿತ್ತು, ಚಿಕ್ಕಂದಿನಲ್ಲಿ ಒಗಟು ಬಿಡಿಸುವಾಗ ಆಗುತ್ತಿದ್ದಂಥದು.

ಮೂರನೆಯ ಅಭಿಪ್ರಾಯವನ್ನು ಅವನು ಅಭಿಪ್ರಾಯವೆಂದೇ ಎಣಿಸಿರಲಿಲ್ಲ. ಅದು ದೀಪದಜ್ಜಿಯದು. ಮೇಣದಬತ್ತಿ ಹಚ್ಚುವುದು, ಸುರಿದ ಮೇಣ ಕೆರೆಯುವುದು, ಬೆಂಚು ಒರೆಸುವುದು ಅವಳ ಕೆಲಸ. ಅವಳಿಗಿಂತ ಮುಂಚೆ ಅವಳ ತಾಯಿಯ ಕೆಲಸ. "ರೆಕ್ಕೆ ಇದೆಯಪ್ಪಾ ಅವನಿಗೆ," ಎಂದು ಮೊದಲ ವಾರವೇ ಹೇಳಿದ್ದಳು. "ನಾನು ಎಂಟು ವರ್ಷದೋಳಿದ್ದಾಗ ಅಮ್ಮ ಏಣಿ ಹಾಕಿ ಮೇಲಿನ ದೀಪ ಹಚ್ತಿದ್ಲು, ನಾನು ಏಣಿ ಹಿಡ್ಕೊಂಡು ಮೇಲೆ ನೋಡ್ತಿದ್ದೆ. ನೀಲಿ ರೆಕ್ಕೆ. ಎರಡು ಗರಿ ಇರ್ಲಿಲ್ಲ ಅದ್ರಲ್ಲಿ, ನಡುವೆ. ಆಮೇಲಾಮೇಲೆ ಮಸಿ ಹಿಡೀತು." ಅವನು ನಕ್ಕಿದ್ದ. ಕೆಟ್ಟ ನಗುವಲ್ಲ, ಮುದುಕರ ಮಾತಿಗೆ ನಗುವ ಮರ್ಯಾದೆಯ ನಗು. ಕೆಟ್ಟ ನಗುವಾಗಿದ್ದರೆ ಅವಳು ಜಗಳವಾದರೂ ಆಡುತ್ತಿದ್ದಳು. ಅವಳು ಬಿಡದೆ ಚಿತ್ರದ ಹುಡುಗಿಯನ್ನು ತೋರಿಸಿದ್ದಳು. ಗಂಡಸಿನ ಮುಂದೆ, ನೀರಿನ ಅಂಚಿನಲ್ಲಿ ಕೂತು ಕೂದಲು ಹಿಂಡುತ್ತಿರುವ ಹುಡುಗಿ. ಅವಳ ಕಣ್ಣು ಗಂಡಸಿನ ಮುಖದ ಮೇಲಿಲ್ಲ, ಅದಕ್ಕಿಂತ ಮೇಲೆ, ಹೆಗಲಾಚೆ ಇದೆ. "ನೋಡು, ಅವಳು ಎಲ್ಲಿ ನೋಡ್ತಿದಾಳೆ? ಬರೀ ಗಂಡಸು ಬಂದಿದ್ರೆ ಯಾವ ಹುಡುಗಿ ಅಷ್ಟು ಮೇಲೆ ನೋಡ್ತಾಳೆ? ರೆಕ್ಕೆ ನೋಡ್ತಿದಾಳೆ ಕಣಪ್ಪ." ಚಿತ್ರದ ಬಲ ಅರ್ಧ ಎಂದೋ ಗೋಡೆ ಒಡೆದು ಬಾಗಿಲಿಟ್ಟಾಗ ಹೋಗಿತ್ತು, ಇನ್ನೊಂದು ರೆಕ್ಕೆ ಇತ್ತೋ ಇಲ್ಲವೋ ಕೇಳುವಂತಿಲ್ಲ. ಎಡಗಡೆ ಒರೆಸಿ ಮುಗಿಸಿ ಖಾಲಿ ಗೋಡೆ ತೋರಿಸಿದ ದಿನ ಪಾದ್ರಿಗಳು, "ಹುಡುಗಿ ಆಕಾಶಕ್ಕೆ ಕಣ್ಣೆತ್ತಿ ಪಶ್ಚಾತ್ತಾಪ ಪಡ್ತಿದಾಳೆ," ಎಂದು ಅರ್ಥ ಹೇಳಿದ್ದರು. ಅಜ್ಜಿ ಕೈಯಲ್ಲಿ ಬಟ್ಟೆ ಹಿಡಿದು ಬಹಳ ಹೊತ್ತು ನೋಡಿ, ಬೆಂಚು ಒರೆಸಲು ಹೋಗಿದ್ದಳು.

ಈಗ ಕೆಳಗೆ ಅವಳೇ ಮೊಣಕಾಲೂರಿ ಕೂತಿದ್ದಳು. ಒಂದು ವಾರದಿಂದ ಅವಳು ದಿನವೂ ಹೀಗೆ ಮುಂದಿನ ಬೆಂಚಿನಲ್ಲಿ ಬಹಳ ಹೊತ್ತು ಪ್ರಾರ್ಥನೆ ಮಾಡುತ್ತಿದ್ದದ್ದನ್ನು ಅವನು ಮೇಲಿಂದ ಗಮನಿಸಿದ್ದ. ಎದ್ದು ನಿಲ್ಲಲು ಬೆಂಚನ್ನು ಎರಡು ಸಲ ಹಿಡಿದು ಹಿಡಿದು ಬಿಡುತ್ತಿದ್ದಳು. ಏಳುವುದು ಮುಗಿಸಿ, ಚಹಾದ ಲೋಟವನ್ನು ಅವನು ಇಳಿಬಿಟ್ಟಿದ್ದ ಹಗ್ಗದ ಬುಟ್ಟಿಯಲ್ಲಿಟ್ಟಳು. "ಏನಪ್ಪಾ ಡಾಕ್ಟ್ರೇ, ಗೋಡೆ ನಾಡಿ ಹಿಡ್ಕೊಂಡು ಕೂತ್ಬಿಟ್ಟಿದೀಯ? ಬದುಕಿದೆಯಾ?"

"ಇದೆ ಅಜ್ಜಿ." ಅವನ ಧ್ವನಿ ಅವನಿಗೇ ಅಪರಿಚಿತವಾಗಿತ್ತು. ಟಾರ್ಚು ಆರಿಸಿದ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳನೆಂದಿರಲಿಲ್ಲ, ಅವನ ಕೈ ಮಾತ್ರ ಆಗಲೇ ಚಿತ್ರದ ಹೆಗಲನ್ನು ಮುಚ್ಚಿ ನಿಂತಿತ್ತು. ಕೇಳಬಾರದೆಂದುಕೊಳ್ಳುತ್ತಲೇ ಕೇಳಿದ: "ಅಜ್ಜಿ, ಆ ರೆಕ್ಕೆ... ಚಿಕ್ಕವಳಿದ್ದಾಗ ನೋಡಿದ್ದೆ ಅಂದಿದ್ರಲ್ಲ..."

"ಅದನ್ಯಾಕೆ ಈಗ ಎತ್ತೀಯ," ಎಂದು ಅವಳು ನಕ್ಕಳು. ಆ ನಗುವಿನಲ್ಲಿ ಹಿಂದೆ ಇದ್ದ ಮೊಂಡುತನವಿರಲಿಲ್ಲ. "ಇಲ್ಲದ್ದನ್ನ ಎಲ್ಲಿಂದ ನೋಡ್ಲಿ? ಮಗು ಕಣ್ಣು. ದೀಪದ ಹೊಗೆಯೋ, ನೆರಳೋ, ಏನು ಕಂಡೆನೋ. ಈ ಊರಿನ ಮಕ್ಕಳಿಗೆಲ್ಲ ಅರವತ್ತು ವರ್ಷ ರೆಕ್ಕೆ ರೆಕ್ಕೆ ಅಂತ ಹೇಳ್ಕೊಂಡು ಬಂದೆನಲ್ಲ, ಅದಕ್ಕೇ ನಾಚಿಕೆ. ಚಹಾ ಆರಿಹೋಗತ್ತೆ, ಕುಡಿ."

ಅವನು ಬುಟ್ಟಿ ಮೇಲೆ ಸೇದಿ, ಲೋಟವನ್ನು ಹಲಗೆಯ ಮೇಲಿಟ್ಟ. ನಾಚಿಕೆ ಎಂಬ ಮಾತನ್ನು ಅವಳು ಎಷ್ಟು ಸಲೀಸಾಗಿ ಆಡಿದಳೆಂದರೆ, ಬಹಳ ದಿನ ಬಾಯಲ್ಲಿ ಇಟ್ಟುಕೊಂಡು ನುಣುಪು ಮಾಡಿಕೊಂಡಿದ್ದಾಳೆ ಅನ್ನಿಸಿತು. ಹೀಗೆ ನಕ್ಕು ತನ್ನನ್ನೇ ಅಲ್ಲಗಳೆದುಕೊಳ್ಳುವ ಇನ್ನೊಂದು ಮುಖ ಅವನಿಗೆ ಗೊತ್ತಿತ್ತು. ಅವನ ತಂಗಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಇಪ್ಪತ್ತೆರಡು ವರ್ಷದ ಅನುಭವ, ಆದರೂ ಪ್ರತಿ ಚೀಟಿಯನ್ನೂ ಪಕ್ಕದವಳ ಮುಂದೆ ಹಿಡಿದು, "ನೋಡೇ, ನಂಗೆ ಸರಿಯಾಗಿ ಕಂಡಿದೆಯಾ?" ಎಂದು ಕೇಳುತ್ತಾಳೆ. ಅಂಗಡಿಯವರಿಗೆಲ್ಲ ಅದೊಂದು ತಮಾಷೆ. ಮನೆಯವರಿಗೆ ಅವಳು ಇವತ್ತಿಗೂ ಕನಸಮ್ಮ. ಅಪ್ಪ ದರ್ಜಿ, ಒಂದು ಮಧ್ಯಾಹ್ನ ಹೊಲಿಗೆ ಯಂತ್ರದ ಮೇಲೆ ಕನ್ನಡಕ ಬಿಟ್ಟು ಹೊರಗೆ ಹೋಗಿದ್ದರು. ಹತ್ತು ವರ್ಷದ ಅವನು ಅದನ್ನು ಹಾಕಿಕೊಂಡು ಹಿತ್ತಿಲಲ್ಲಿ ನಡೆದಾಡಿದ. ನೆಲ ಉಬ್ಬಿ ತಗ್ಗಿ, ಕಾಲು ಎಲ್ಲೋ ದೂರದಲ್ಲಿರುವ ಹಾಗೆ ಕಾಣುತ್ತಿತ್ತು, ಅದೇ ಮಜ. ಒಗೆಯುವ ಕಲ್ಲಿಗೆ ಎಡವಿದ, ಗಾಜು ಒಡೆಯಿತು. ಹೋಗಿ ಯಂತ್ರದ ಮೇಲಿನ ಬಟ್ಟೆ ರಾಶಿಯಡಿ ಇಟ್ಟುಬಂದ. ಆರು ವರ್ಷದ ತಂಗಿ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಸಂಜೆ ಅವಳು, "ಅಣ್ಣ ಹಾಕ್ಕೊಂಡಿದ್ದ," ಎಂದಾಗ ಅವನು ಎಷ್ಟು ಶಾಂತವಾಗಿ, "ಇವಳು ಮಧ್ಯಾಹ್ನ ಮಲಗಿದ್ಲಲ್ಲ, ಕನಸು ಕಂಡಿದಾಳೆ," ಎಂದ! ದೊಡ್ಡವನ ಮಾತು, ಅಮ್ಮ ಹೌದಿರಬಹುದು ಎಂದಳು. ಇಸ್ತ್ರಿಪೆಟ್ಟಿಗೆ ಬಿದ್ದು ಒಡೆದಿರಬೇಕೆಂದು ತೀರ್ಮಾನವಾಯಿತು. ಅಪ್ಪ ಹೊಸ ಗಾಜು ಬರುವ ತನಕ ಹತ್ತು ದಿನ ಕೈಕಟ್ಟಿ ಕೂತರು. ಅಣ್ಣನ ಮೇಲೆ ಸುಳ್ಳು ಹೇಳಿದ್ದಕ್ಕೆ ತಂಗಿ, 'ನಾನು ಕನಸು ಕಂಡೆ' ಎಂದು ಎಲ್ಲರೆದುರು ಹೇಳಬೇಕಾಯಿತು. ಮೊದಲ ದಿನ ಅಳುತ್ತ ಹೇಳಿದಳು. ತಿಂಗಳು ಕಳೆಯುವುದರೊಳಗೆ ಯಾರಾದರೂ ಕೇಳಿದರೆ ತಾನೇ ನಕ್ಕು ಹೇಳತೊಡಗಿದಳು. ಆ ನಗುವನ್ನು ನೋಡಿ ತನಗೆ ಸಮಾಧಾನವಾಗಿತ್ತು ಎಂಬುದನ್ನು ಅವನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ನಾಲ್ಕು ಗಂಟೆಗೆ ಪಾದ್ರಿಗಳೂ ವಕೀಲರೂ ಬಂದು ನೋಡಿ, ಅವನ ವರದಿಗೆ ಸಹಿ ಹಾಕಬೇಕಿತ್ತು. ವರದಿ ಚೀಲದಲ್ಲಿತ್ತು. ಅದರಲ್ಲಿ, ಚೌಕ ಹನ್ನೊಂದರಿಂದ ಹದಿಮೂರು, ಆನಂತರದ ಕಾಲದ ನೀಲಿ ಲೇಪನ, ತೆಗೆಯಲಾಗಿದೆ ಎಂದು ಅವನೇ ಬರೆದ ಒಂದು ಸಾಲಿತ್ತು. ಆ ಸಾಲನ್ನು ಮತ್ತೆ ಮತ್ತೆ ಓದಿದ. ಅದೂ ಗ್ರಂಥದ ಆ ನಾಲ್ಕು ವಾಕ್ಯಗಳ ಹಾಗೇ ಇತ್ತು. ನೂರು ವರ್ಷ ಕಳೆದ ಮೇಲೆ ಓದಿದವರಿಗೆ ಏನು ಹೋಯಿತು, ಯಾರು ಒಯ್ದರು ಎಂದು ತಿಳಿಯದು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನೇರ ಬೆಳಕಿನಲ್ಲಿ ಗೆರೆ ಕಾಣದು, ಸಾರುವೆ ನಾಳೆ ಬಿಚ್ಚುತ್ತಾರೆ. ಹೇಳಿದರೆ ಗೋಡೆ ಡಾಕ್ಟ್ರು ರೋಗಿಯ ಕೈ ಕತ್ತರಿಸಿದ ಸುದ್ದಿ ಮುಂದಿನ ಊರಿಗೆ ಅವನಿಗಿಂತ ಮುಂಚೆ ಹೋಗುತ್ತದೆ, ಇನ್ನು ಯಾರೂ ಅವನನ್ನು ಗೋಡೆಯ ಹತ್ತಿರ ಬಿಡುವುದಿಲ್ಲ. ಇದೆಲ್ಲ ಒಂದು ತಟ್ಟೆಯಲ್ಲಿತ್ತು. ಇನ್ನೊಂದರಲ್ಲಿ ಮೊಣಕಾಲು ಹಿಡಿದುಕೊಂಡು ಏಳುವ ಒಬ್ಬಳು ಮುದುಕಿ, ತಾನು ಕಂಡದ್ದನ್ನು ಕಾಣಲಿಲ್ಲವೆಂದುಕೊಂಡು ಉಳಿದ ದಿನ ಕಳೆಯಲಿದ್ದಾಳೆ.

ಬಣ್ಣದ ಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿ ಸಾಲಾಗಿ ಗಾಜಿನ ಬಾಟಲಿಗಳಿದ್ದವು, ಒಂದೊಂದು ಚೌಕಕ್ಕೆ ಒಂದೊಂದು, ಮುಚ್ಚಳದ ಮೇಲೆ ಅಂಕೆ. ಒರೆಸಿದ ಹತ್ತಿಯನ್ನೆಲ್ಲ ಅವನು ಅದರಲ್ಲೇ ಹಾಕಿಡುವುದು. ಗುರುವಿನ ಮೊದಲನೆಯ ಮಾತನ್ನು ನಂಬಿ ಕೆಟ್ಟ, ಎರಡನೆಯದನ್ನು ಅಭ್ಯಾಸಬಲದಿಂದ ಪಾಲಿಸಿದ್ದ. ಉಳಿದ ಬಾಟಲಿಗಳಲ್ಲೆಲ್ಲ ಕಪ್ಪು, ಕಂದು. ಹನ್ನೊಂದನೆಯದನ್ನು ಎತ್ತಿ ಕಿಟಕಿಯ ಕಡೆ ಹಿಡಿದ. ಮಸಿ ಮೆತ್ತಿದ ಉಂಡೆಗಳ ನಡುವೆ ನೀಲಿ ಉಂಡೆಗಳು. ಎಷ್ಟು ನೀಲಿ! ಗೋಡೆಯ ಮೇಲಿದ್ದಾಗ ಅವನು ಅದನ್ನು ಸರಿಯಾಗಿ ನೋಡಿಯೂ ಇರಲಿಲ್ಲ. ಆ ಬಣ್ಣವನ್ನು ಯಾರೋ ಒಬ್ಬ ಒಣಗಿದ ಗೋಡೆಯ ಮುಂದೆ ನಿಂತು, ಅಂಟು ಕಾಯಿಸಿ, ಒಂದೊಂದೇ ಗರಿಗೆ ಹಚ್ಚಿದ್ದ. ಅವನಿಗೂ ಆ ನಾಲ್ಕು ವಾಕ್ಯ ಅರ್ಥವಾಗದೆ ಕಾಡಿರಬೇಕು, ರೆಕ್ಕೆ ಬರೆಯಲೋ ಬೇಡವೋ ಎಂದು ಮೊಳೆ ಹಿಡಿದು ಗಾರೆ ಒಣಗುವ ಮುಂಚೆ ತೀರ್ಮಾನಿಸಬೇಕಾಗಿ ಬಂದಿರಬೇಕು. ಅವನ ಮೇಲೆ ಇವನಿಗೆ ಅಣ್ಣನೋ ತಮ್ಮನೋ ಎಂಬಂಥ ಪ್ರೀತಿ ಉಕ್ಕಿತು. ಮೂರು ಬಾಟಲಿಗಳನ್ನೂ ಅಂಗಿಯ ಜೇಬುಗಳಲ್ಲಿ ತುಂಬಿಕೊಂಡು, ನಾಲ್ಕು ಹೊಡೆಯುವ ತನಕ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತ.

ಅವರು ಬಂದು ಕೆಳಗೆ ನಿಂತಾಗ ಅವನಿಗೆ ಇಳಿಯುವ ಧೈರ್ಯವಾಗಲಿಲ್ಲ. ಮೇಲಿನಿಂದಲೇ ಹೇಳಿದ. "ಫಾದರ್, ರೆಕ್ಕೆ ಇತ್ತು. ಮೊದಲಿಂದಲೂ ಇತ್ತು. ನಾನು ಆಮೇಲಿಂದು ಅಂದ್ಕೊಂಡು ಒರೆಸಿಬಿಟ್ಟೆ. ಫೋಟೋನೂ ತಗೊಂಡಿಲ್ಲ." ಪಾದ್ರಿಗಳ ಎತ್ತಿದ ಮುಖದಲ್ಲಿ ಮುಗುಳ್ನಗೆ ಹಾಗೇ ಉಳಿದಿತ್ತು, ಮಾತು ಇನ್ನೂ ಅಲ್ಲಿಗೆ ತಲುಪಿರಲಿಲ್ಲ. ಅಜ್ಜಿ ಪಕ್ಕದಲ್ಲಿ ಮೇಣ ಕೆರೆಯುತ್ತಿದ್ದಳು. ಕೆರೆಯುವ ಸದ್ದು ನಿಂತಿತು.

"ಒರೆಸಿಬಿಟ್ರಾ? ಅಂದ್ರೆ?" ಎಂದರು ವಕೀಲರು.

ಅವನು ಇಳಿದು ಬಂದು ಮೂರು ಬಾಟಲಿಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟ. ವಕೀಲರು ಒಂದನ್ನೆತ್ತಿ ಅಲ್ಲಾಡಿಸಿ ನೋಡಿ, ಮತ್ತೆ ಮೆಲ್ಲಗೆ ಇಟ್ಟರು. "ದೇವದೂತನ ರೆಕ್ಕೆ ಉಪ್ಪಿನಕಾಯಿ ಹಾಕಿಟ್ಟಿದೀರಲ್ರೀ," ಎಂದರು, ಆದರೆ ಅವರ ದನಿಯಲ್ಲಿ ಚೇಷ್ಟೆ ಪೂರ್ತಿ ಬರಲಿಲ್ಲ.

ಪಾದ್ರಿಗಳು ಕೂತುಬಿಟ್ಟರು. "ವಾಪಸ್ ಬರೆಯೋಕಾಗತ್ತಾ?" ಎಂದು ಕೇಳಿದರು.

"ಇಲ್ಲ ಫಾದರ್. ಬರೆದ್ರೆ ಅದು ನನ್ನ ರೆಕ್ಕೆ ಆಗತ್ತೆ. ಇವತ್ತು ತೋರಿಸೋದಕ್ಕೆ ಮಾತ್ರ ಆಗತ್ತೆ. ಬಾಗಿಲು ಕಿಟಕಿ ಎಲ್ಲ ಮುಚ್ಚಬೇಕು."

ಬಾಗಿಲು ಮುಚ್ಚಿ, ಕಿಟಕಿಗಳಿಗೆ ಸಾರುವೆಯ ಧೂಳುಬಟ್ಟೆ ಕಟ್ಟಿದರು. ಹಗಲಲ್ಲೇ ಒಳಗೆ ಕತ್ತಲಾಯಿತು. ಅವನು ಮೇಲೆ ಹತ್ತಿ, ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಗುಂಡಿ ಅಮುಕಿದ. ಕೆಳಗೆ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ಟಾರ್ಚು ಸರಿದಾಗೆಲ್ಲ ಗೆರೆಗಳ ನೆರಳು ಒಂದಿಷ್ಟು ಅಲುಗಾಡುತ್ತಿತ್ತು. ಮೊದಲ ಸಲ ಅವನು ಅದನ್ನು ಪೂರ್ತಿಯಾಗಿ, ಮೇಲಿಂದ ಕೆಳಗಿನವರೆಗೆ, ಒಂದೊಂದೇ ಗೆರೆ ಎಣಿಸುತ್ತ ನೋಡಿದ. ಏಳು ಗರಿ. ಆಮೇಲೆ ಎರಡು ಗರಿ ಹಿಡಿಯುವಷ್ಟು ಖಾಲಿ ಜಾಗ, ನುಣ್ಣಗಿನ ಗಾರೆ. ಆಮೇಲೆ ಮತ್ತೆ ಐದು ಗರಿ. ಮೊಳೆ ಹಿಡಿದವನು ಬೇಕೆಂದೇ ಬಿಟ್ಟ ಜಾಗ. ಹುಡುಗಿಯ ಕಣ್ಣು ನೆಟ್ಟಿದ್ದದ್ದು ಸರಿಯಾಗಿ ಅಲ್ಲಿಗೆ, ಆ ಇಲ್ಲದ ಎರಡು ಗರಿಗಳ ಜಾಗಕ್ಕೆ.

"ಎರಡು ಗರಿ ಇಲ್ಲ," ಎಂದಳು ಕತ್ತಲಲ್ಲಿ ಅಜ್ಜಿ. ಯಾರಿಗೂ ಅಲ್ಲ, ತನಗೇ.

"ಇಲ್ಲ ಅಜ್ಜಿ. ನೀವು ಹೇಳಿದ ಹಾಗೇ ಇದೆ. ನೀವು ಹೇಳ್ದಾಗ ನಾನು ಕೇಳ್ಬೇಕಿತ್ತು. ತಪ್ಪು ನಂದು."

ವಕೀಲರು ಕೆಮ್ಮಿದರು. "ರೆಕ್ಕೆ ಇದ್ದ ಮಾತ್ರಕ್ಕೆ ದೊರೆ ಅಲ್ಲ ಅಂತೇನೂ ಆಗ್ಲಿಲ್ಲ. ದೊರೆಗಳಿಗೆ ಜನವೇ ರೆಕ್ಕೆ ಕಟ್ತಾರೆ." ಪಾದ್ರಿಗಳು, "ಬರೆದವನೂ ನಮ್ಮ ಹಾಗೆ ಓದಿ ಊಹಿಸಿದವನೇ, ಅವನ ಊಹೆ ಇದು," ಎಂದರು. ಆದರೆ ಅವರ ಕತ್ತು ಇಳಿಯಲಿಲ್ಲ, ರೆಕ್ಕೆಯನ್ನೇ ನೋಡುತ್ತಿದ್ದರು. "ಎರಡು ಗರಿ ಯಾಕೆ ಬಿಟ್ಟಿರ್ಬೋದು?" ಎಂದು ಅವರೇ ಕೇಳಿದರು, ಹೊಸದೊಂದು ಒಗಟು ಸಿಕ್ಕ ಹುಡುಗನ ದನಿಯಲ್ಲಿ. ಆಕಾಶದಿಂದ ಇಳಿದು ಬಂದಾಗ ಕಿತ್ತುಹೋಗಿರಬೇಕೆಂದರು ವಕೀಲರು. ಹುಡುಗಿಗೆ ಕೊಟ್ಟಿರಬಹುದೆಂದಳು ಅಜ್ಜಿ. ಮೂವರೂ ಕತ್ತಲಲ್ಲಿ ನಿಂತು ವಾದಿಸತೊಡಗಿದರು. ಅವನ ಕೈ ಸೋತುಹೋಗುತ್ತಿತ್ತು, ಆದರೂ ಟಾರ್ಚು ಸರಿಸಲು ಮನಸ್ಸಾಗಲಿಲ್ಲ.

ಕಿಟಕಿ ತೆರೆದು ಬೆಳಕು ಬಂದ ಮೇಲೆ ಅಜ್ಜಿ ಪಾದ್ರಿಗಳ ಎದುರಿಗೆ ಹೋಗಿ ನಿಂತಳು. ಮುಖ ಕೆಂಪಾಗಿತ್ತು. ಅವಳಿಗೆ ಇಷ್ಟು ಕೋಪ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. "ಫಾದರ್, ಹೋದ ವಾರ ನಿಮ್ಮ ಹತ್ರ ಪಾಪನಿವೇದನೆ ಮಾಡ್ಕೊಂಡೆನಲ್ಲ, ಅರವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳ್ಕೊಂಡು ಬಂದೆ ಅಂತ. ನಿವೇದನೆ ಮಾತು ನೀವು ಹೊರಗೆ ಹೇಳ್ಬಾರ್ದು, ನಾನು ಹೇಳ್ಬೋದು. ಪ್ರಾಯಶ್ಚಿತ್ತಕ್ಕೆ ಹತ್ತು ದಿನದ ಪ್ರಾರ್ಥನೆ ಕೊಟ್ರಿ. ಏಳು ದಿನ ಮಾಡಿದೀನಿ, ಈ ಮಂಡಿ ಇಟ್ಕೊಂಡು." ಅವಳು ನಿಲ್ಲಿಸಿ ಉಸಿರು ತೆಗೆದುಕೊಂಡಳು. "ಉಳಿದ ಮೂರು ದಿನ ಈ ಡಾಕ್ಟ್ರು ಮಾಡ್ಲಿ."

ಪಾದ್ರಿಗಳು ಅವಳ ಎರಡೂ ಕೈ ಹಿಡಿದುಕೊಂಡರು. ಅಜ್ಜಿ ಕೈ ಬಿಡಿಸಿಕೊಂಡು ಹನ್ನೊಂದನೇ ಬಾಟಲಿಯನ್ನು ಎತ್ತಿ, ಸೆರಗಿನ ಅಂಚಿನಿಂದ ಒರೆಸಿ, ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ಇದೇ ನೀಲಿ," ಎಂದಳು.

ವರದಿಯಲ್ಲಿ ಆ ಸಾಲು ಹೊಡೆದು, ನಡೆದದ್ದನ್ನು ನಡೆದ ಹಾಗೆ ಬರೆದು, ಸಹಿ ಮಾಡಿ ಕೊಟ್ಟ. ಮುಂದಿನ ಊರಿನವರು ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ; ಆ ಯೋಚನೆ ಇತ್ತು, ಇಲ್ಲವೆಂದಲ್ಲ. ಆಮೇಲೆ ಎಲ್ಲರೂ ಹೋದರು, ಅವನು ಅಜ್ಜಿಯ ಬೆಂಚಿನಲ್ಲಿ ಮಂಡಿಯೂರಲು ಹೋದ, ಅಭ್ಯಾಸವಿಲ್ಲದೆ ಮೂಳೆ ಚುಳ್ಳೆಂದಿತು. ಪ್ರಾರ್ಥನೆಯ ಮಾತು ಒಂದೂ ನೆನಪಾಗಲಿಲ್ಲ. ಹಾಗೇ ಕೂತು ಜೇಬಿನಿಂದ ಫೋನು ತೆಗೆದು ತಂಗಿಗೆ ಮಾಡಿದ.

"ಏನಣ್ಣಾ, ಇಷ್ಟೊತ್ತಲ್ಲಿ? ಅಂಗಡಿಯಲ್ಲಿದೀನಿ, ಬೇಗ ಹೇಳು." ಹಿಂದೆ ಯಾರೋ ಕೆಮ್ಮಿನ ಔಷಧಿ ಕೇಳುತ್ತಿದ್ದರು.

"ಅಪ್ಪನ ಕನ್ನಡಕ ಒಡೆದದ್ದು ನಾನೇ ಕಣೇ. ಹಿತ್ತಿಲಲ್ಲಿ. ನೀನು ನೋಡಿದ್ದೆ."

ಅವಳು ನಗುತ್ತಾಳೆ, ಮೂವತ್ತೈದು ವರ್ಷದಿಂದ ನಕ್ಕ ಹಾಗೆ, ಎಂದು ಕಾದ. ನಗಲಿಲ್ಲ. ಆ ಕಡೆ ಕೆಮ್ಮಿನವರಿಗೆ ಬೇರೆ ಯಾರೋ ಔಷಧಿ ತೆಗೆದುಕೊಡುತ್ತಿದ್ದರು, ಅಂಗಡಿಯ ಗದ್ದಲವೆಲ್ಲ ಕೇಳಿಸುತ್ತಿತ್ತು.

"ಒಂದೇ ಕಾಲಲ್ಲಿ ಚಪ್ಪಲಿ ಇತ್ತು ನಿಂಗೆ," ಎಂದಳು ಕೊನೆಗೆ, ತೀರ ಮೆಲ್ಲಗೆ. "ಎಡಗಾಲಲ್ಲಿ. ಇತ್ತಲ್ವಾ?"

ಚಪ್ಪಲಿಯನ್ನು ಅವನು ಮರೆತೇಬಿಟ್ಟಿದ್ದ. ಎಡವಿದಾಗ ಬಲಗಾಲಿನದು ಕಲ್ಲಿನ ಸಂದಿಗೆ ಹಾರಿಹೋಗಿತ್ತು. ಗಾಜಿನ ಚೂರು ಆರಿಸುವ ಗಡಿಬಿಡಿಯಲ್ಲಿ ಅದನ್ನು ತೆಗೆದುಕೊಳ್ಳದೆ ಒಳಗೆ ಓಡಿದ್ದ.

"ಇತ್ತು," ಎಂದ.

"ಹಾಗಾದ್ರೆ ನಾನು ಎದ್ದೇ ಇದ್ದೆ," ಎಂದಳು ತಂಗಿ.